ನಡೆಯದ ಪಂದ್ಯದಲ್ಲಿ ನನ್ನನ್ನು ಗೆಲ್ಲಿಸಿದವರು

ಸಂಜೆ ಹೊತ್ತು ನಮ್ಮ ತೆಂಗಿನಕಾಯಿ ಸುಲಿಯುವ ಅಂಗಳದ ಕಟ್ಟೆ ಮೇಲೆ ಮೂವರು ಗಂಡಸರು ಸೇರುತ್ತಿದ್ದರು. ಬಾಕ್ಸಿಂಗ್ ಬಗ್ಗೆ ಅವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಮೂವರಲ್ಲಿ ಒಬ್ಬರೂ ಜನ್ಮದಲ್ಲಿ ಗ್ಲೌಸ್ ಮುಟ್ಟಿದವರಲ್ಲ. ಒಂದು ಏಟು ತಿಂದವರಲ್ಲ, ಕೊಟ್ಟವರೂ ಅಲ್ಲ. ಆದರೆ ಮಾತು ಶುರುವಾಯಿತು ಅಂದರೆ ಗುದ್ದು ಎಲ್ಲಿಂದ ಎದ್ದು ಎಲ್ಲಿಗೆ ಬೀಳಬೇಕು ಅಂತ ಗಾಳಿಯಲ್ಲಿ ಕೈ ಬೀಸಿ ತೋರಿಸುತ್ತಿದ್ದರು. ನಾನು ಕೆಳಗೆ ನಿಂತು ಆಳುಗಳ ಕೈಲಿ ಕಾಯಿ ಸುಲಿಸುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳಬೇಕಿತ್ತು. ಮೈಯೆಲ್ಲ ಉರಿಯುತ್ತಿತ್ತು.

ಮೂವರಲ್ಲಿ ಹಿರಿಯರು ನಮ್ಮ ದೊಡ್ಡಪ್ಪ. ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿ ಬೆಳೆಸಿದವರು ಅವರೇ. ತಿಪಟೂರಿನ ಈ ಅಂಗಳ, ಕೊಬ್ಬರಿ ವ್ಯಾಪಾರ ಎಲ್ಲ ಅವರು ಕಟ್ಟಿದ್ದು, ಈಗ ನಾನು ನಡೆಸುತ್ತಿರುವುದು. ಇನ್ನೊಬ್ಬರು ರಿಟೈರ್ ಆದ ಬಸ್ ಕಂಡಕ್ಟರು. ಕೆಲಸದ ಕಾಲವೆಲ್ಲ ತಿಪಟೂರು, ಕಿಬ್ಬನಹಳ್ಳಿ, ತುಮಕೂರು ರೂಟಿನಲ್ಲೇ ಓಡಾಡಿದವರು. ಮೂರನೆಯವನು ಮಾರ್ಕೆಟ್ಟಿನ ದಲ್ಲಾಳಿ, ಇಬ್ಬರಿಗಿಂತ ಚಿಕ್ಕವನು. ಫೋನಿನಲ್ಲಿ ಹಳೇ ಪಂದ್ಯಗಳನ್ನು ಹುಡುಕಿ ತೋರಿಸುವುದು ಅವನ ಪಾಲಿನ ಸೇವೆ.

ಅವರ ಮುಖ್ಯ ಜಗಳ ಇಬ್ಬರು ಪರದೇಶದ ಹೆವಿವೇಯ್ಟ್ ಚಾಂಪಿಯನ್ನರದ್ದು. ಒಬ್ಬ ಕಪ್ಪು ಬಿಳುಪಿನ ಕಾಲದವನು, ಇನ್ನೊಬ್ಬ ಬಣ್ಣದ ಕಾಲದವನು. ಒಬ್ಬ ಆಟ ಬಿಟ್ಟು ಮನೆ ಸೇರಿದ ಮೇಲೆ ಇನ್ನೊಬ್ಬ ಹುಟ್ಟಿದ್ದು. ಇವರಿಬ್ಬರೂ ತಮ್ಮ ತಮ್ಮ ಪ್ರಾಯದಲ್ಲಿ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು ಅನ್ನುವುದು ಪ್ರಶ್ನೆ. ಕಂಡಕ್ಟರು ಹಳಬನ ಕಡೆ, ದಲ್ಲಾಳಿ ಹೊಸಬನ ಕಡೆ. ಸತ್ತವನ ಕಾಲಿನ ಚುರುಕು, ಬದುಕಿರುವವನ ದವಡೆಯ ಗಟ್ಟಿತನ, ಎಲ್ಲ ತೂಗಿ ನೋಡುತ್ತಿದ್ದರು. ದೊಡ್ಡಪ್ಪ ಜಡ್ಜ್. ತೀರ್ಪನ್ನು ಮಾತ್ರ ಯಾವತ್ತೂ ಕೊಡುತ್ತಿರಲಿಲ್ಲ. ನಾಳೆ ಕೂರೋದಕ್ಕೆ ನೆಪ ಬೇಕಲ್ಲ.

ಅದು ಬಗೆಹರಿಯದೆ ಸಾಕಾದಾಗ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ನನ್ನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದರು. ಆಮೇಲೆ ಬರುತ್ತಿದ್ದುದು ನನ್ನ ಪಂದ್ಯ. ನಾನೂ ಹಾಸನದ ಕಡೆಯ ಒಬ್ಬ ಹುಡುಗಿಯೂ ತುಮಕೂರಿನಲ್ಲಿ ಆಡಬೇಕಾಗಿದ್ದ, ಆಡದೇ ಹೋದ ಪಂದ್ಯ. ಆ ಹುಡುಗಿ ಹೆದರಿ ಬರಲಿಲ್ಲ, ಬಂದಿದ್ದರೆ ಎರಡನೇ ರೌಂಡಿಗೇ ಮಲಗುತ್ತಿದ್ದಳು ಅಂತ ದೊಡ್ಡಪ್ಪ ಹೇಳುತ್ತಿದ್ದರು. ಕಂಡಕ್ಟರು ಇಲ್ಲ, ಮೊದಲನೇ ರೌಂಡಿಗೇ ಅನ್ನುತ್ತಿದ್ದರು. ನಾನು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಇರುತ್ತಿದ್ದೆ. ಅಷ್ಟು ವರ್ಷದಲ್ಲಿ ಒಬ್ಬರಾದರೂ ನಿನಗೇನು ಅನ್ನಿಸುತ್ತದೆ ಅಂತ ನನ್ನನ್ನು ಕೇಳಲಿಲ್ಲ. ಸತ್ತುಹೋದ ಆ ಚಾಂಪಿಯನ್ನನ ಲೆಕ್ಕಕ್ಕೇ ನನ್ನನ್ನೂ ಸೇರಿಸಿಬಿಟ್ಟಿದ್ದರು.

ನಾನು ದಪ್ಪ ಹುಡುಗಿ. ಈಗ ನಲವತ್ತು ದಾಟಿದ ದಪ್ಪ ಹೆಂಗಸು. ಕಾಲೇಜಿಗೆ ಹೋಗುವಾಗ ನನ್ನ ಮೈಯನ್ನು ಆಡಿಕೊಳ್ಳದವರಿರಲಿಲ್ಲ. ನಮ್ಮ ಕಡೆ ಕಾಯಿ ಸುಲಿಯುವುದು ಗಂಡಸರ ಕೆಲಸ. ನೆಲಕ್ಕೆ ನೆಟ್ಟ ಕಬ್ಬಿಣದ ಭರ್ಜಿಗೆ ಕಾಯಿಯನ್ನು ಚುಚ್ಚಿ, ಭುಜ ತಿರುಗಿಸಿ, ಮೇಲಿನ ನಾರಿನ ಮಟ್ಟೆ ಕಿತ್ತು ಎಸೆಯಬೇಕು. ಹೆಂಗಸರಿಗೆ ಕೂತು ಚಿಪ್ಪು ಒಡೆಯುವ ಕೆಲಸ. ನನಗೆ ಕೂತು ಮಾಡುವ ಕೆಲಸ ಆಗುತ್ತಿರಲಿಲ್ಲ, ಹಟ ಮಾಡಿ ಭರ್ಜಿಯ ಮುಂದೆ ನಿಂತೆ. ದೊಡ್ಡಮ್ಮ ಬೈದರು. ದೊಡ್ಡಪ್ಪ ನಕ್ಕು ಮಾಡಲಿ ಬಿಡು ಅಂದರು. ಆ ಒಂದು ಮಾತಿಗಾಗಿ ನಾನು ಅವರನ್ನು ಎಷ್ಟು ವರ್ಷ ದೇವರ ಪಕ್ಕ ಕೂರಿಸಿದ್ದೆ ಅಂತ ನೆನೆಸಿಕೊಂಡರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಕಾಯಿ ಸುಲಿದು ಬಲಿತ ನನ್ನ ಭುಜಗಳನ್ನು ನೋಡಿದ ನಮ್ಮ ಕಾಲೇಜಿನ ಪಿ.ಟಿ. ಮೇಷ್ಟರು ನನ್ನನ್ನು ಬಾಕ್ಸಿಂಗಿಗೆ ಎಳೆದರು. ಹುಡುಗಿಯರೂ ಅದನ್ನು ಆಡಬಹುದು ಅಂತ ನಮ್ಮೂರಿನಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ. ಅವರ ಹತ್ತಿರ ಬಿರುಕು ಬಿಟ್ಟ ಒಂದು ಜೊತೆ ಗ್ಲೌಸ್ ಇದ್ದವು, ಗುದ್ದುವ ಬ್ಯಾಗ್ ಇರಲಿಲ್ಲ. ನಮ್ಮ ಅಂಗಳದಿಂದಲೇ ಒಂದು ಗೋಣಿಚೀಲ ತೆಗೆದುಕೊಂಡು ಹೋಗಿ, ಮಟ್ಟೆ ತುಂಬಿ, ಬಾಯಿ ಹೊಲಿದು, ಕಾಲೇಜಿನ ಹಿಂದಿನ ಹುಣಸೆಮರಕ್ಕೆ ನೇತುಹಾಕಿದೆವು. ಒಣಗಿದ ಮಟ್ಟೆ ಕಲ್ಲಿನ ಹಾಗೆ. ಗುದ್ದಿ ಗುದ್ದಿ ಗೆಣ್ಣಿನ ಚರ್ಮ ಸುಲಿದು, ಊಟ ಮಾಡುವಾಗ ಸಾರು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಜೀವನದಲ್ಲಿ ಮೊದಲ ಸಲ ನನ್ನ ತೂಕ ಒಂದು ಕೆಲಸಕ್ಕೆ ಬಂದಿತ್ತು. ಆ ಕೆಲವು ತಿಂಗಳು ನಾನು ಬೀದಿಯಲ್ಲಿ ತಲೆ ಎತ್ತಿ ನಡೆದೆ.

ತುಮಕೂರಿನಲ್ಲಿ ಸೆಲೆಕ್ಷನ್ ಅಂತ ಗೊತ್ತಾಯಿತು. ಹೆವಿವೇಯ್ಟಿನಲ್ಲಿ ಹೆಸರು ಕೊಟ್ಟಿದ್ದವರು ಇಬ್ಬರೇ, ನಾನು ಮತ್ತು ಹಾಸನದ ಕಡೆಯವಳು. ಗೆದ್ದವಳು ಮುಂದಕ್ಕೆ, ಸೋತವಳು ಮನೆಗೆ. ದೊಡ್ಡಪ್ಪ ಇದನ್ನು ಇಡೀ ಮಾರ್ಕೆಟ್ಟಿಗೆ ಹೇಳಿಕೊಂಡು ಬಂದರು. ನಮ್ ಹುಡ್ಗಿ ಗೆದ್ದಂಗೇ ಲೆಕ್ಕ ಅಂತ ಕೊಬ್ಬರಿ ರಾಶಿಯ ಮುಂದೆ ನಿಂತು ಹೇಳುತ್ತಿದ್ದರಂತೆ. ಹೊರಡುವ ಹಿಂದಿನ ದಿನ ಸಂಜೆ ನಾನು ಬ್ಯಾಗಿಗೆ ಬಟ್ಟೆ ಇಡುತ್ತಿದ್ದಾಗ ಒಳಗೆ ಬಂದು, ಕೊಬ್ಬರಿ ಮಂಡಿಗೆ ಫೋನ್ ಬಂದಿತ್ತು, ಆ ಹುಡುಗಿ ನಿನ್ನ ಹೆಸರು ಕೇಳಿಯೇ ಹಿಂದೆ ಸರಿದಳಂತೆ, ಒಬ್ಬಳೇ ಆದ್ದರಿಂದ ಆ ತೂಕದ ಸೆಲೆಕ್ಷನ್ನೇ ರದ್ದು ಅಂದರು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಮಂಡಿಯಲ್ಲಿ ಮಾತ್ರ ಇತ್ತು. ಅವರ ಮಾತನ್ನು ಅನುಮಾನಿಸುವುದು ಅಂತ ಒಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಾನು ಬ್ಯಾಗಿನಿಂದ ಬಟ್ಟೆ ತೆಗೆದು ವಾಪಸ್ ಬೀರುವಿಗೆ ಇಟ್ಟೆ.

ಮತ್ತೆ ಕಾಲೇಜಿಗೆ ಹೋದಾಗ ಮೇಷ್ಟರು ನನ್ನ ಮುಖ ನೋಡಲಿಲ್ಲ. ಜ್ವರ ಬಿಟ್ಟಿತಾ ಅಂತ ಒಂದು ಥರ ಕೇಳಿ ಹೊರಟುಹೋದರು. ಯಾವ ಜ್ವರ ಅಂತ ನನಗೆ ತಿಳಿಯಲಿಲ್ಲ. ಸ್ವಲ್ಪ ದಿನಕ್ಕೆ ಹುಣಸೆಮರದಿಂದ ಚೀಲ ಇಳಿಯಿತು, ಮೇಷ್ಟರಿಗೂ ವರ್ಗವಾಯಿತು. ಹೆದರಿದವಳು ಯಾವಳೋ, ಬಾಗಿಲು ಮುಚ್ಚಿದ್ದು ನನಗೆ. ಆ ಹಾಸನದವಳನ್ನು ನಾನು ಮನಸಾರೆ ಬೈದುಕೊಂಡೆ. ಭರ್ಜಿಗೆ ಕಾಯಿ ಚುಚ್ಚುವಾಗೆಲ್ಲ ಅವಳನ್ನು ನೆನೆದುಕೊಳ್ಳುತ್ತಿದ್ದೆ.

ದೊಡ್ಡಪ್ಪನ ಸ್ವಭಾವದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಹತ್ತಿರ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಡಗಡ ಅಂದರೆ ಇಳಿಸಿ ಸುಲಿಯಬೇಕು. ದೊಡ್ಡಪ್ಪ ಗಡಗಡ ಅಂದಮೇಲೂ ಇಳಿಸುವವರಲ್ಲ. ಇನ್ನೊಂದು ವಾರ ನೋಡಾಣ, ರೇಟು ಏರಲಿ ಅನ್ನುವರು. ಅದು ಏರಿದರೂ ಇನ್ನೊಂದು ವಾರ. ರೇಟು ನೆಪ ಅಷ್ಟೇ. ಒಡೆಯದೆ ಇರುವತನಕ ಅಟ್ಟದಲ್ಲಿರುವುದೆಲ್ಲ ಒಳ್ಳೆಯ ಮಾಲೇ, ತಾಲ್ಲೂಕಿನಲ್ಲಿ ಯಾರ ಹತ್ತಿರವೂ ಇಲ್ಲದ ಮಾಲು ಅಂತ ಹೇಳಿಕೊಂಡು ತಿರುಗಬಹುದು. ಒಡೆದರೆ ತಾನೇ ಕೊಳೆತದ್ದು ಎಷ್ಟು ಅಂತ ಕಾಣುವುದು. ಹೀಗೆ ಎಷ್ಟೋ ಸಲ ಕೊಬ್ಬರಿ ಕೌಟು ಹಿಡಿದು ಎಣ್ಣೆ ಗಾಣಕ್ಕೆ ಹೋಗಿದೆ. ವ್ಯವಹಾರ ನನ್ನ ಕೈಗೆ ಬಂದಮೇಲೆ ನಾನು ಮೊದಲು ಮಾಡಿದ ಕೆಲಸ ಅಟ್ಟದ ಏಣಿಯನ್ನು ನನ್ನ ಸುಪರ್ದಿಗೆ ತೆಗೆದುಕೊಂಡದ್ದು.

ಹೋದ ಬೇಸಿಗೆಯಲ್ಲಿ ತುಮಕೂರಿಗೆ ಹೋಗಿ ನಮ್ಮ ಗೂಡ್ಸ್ ಆಟೋದಲ್ಲಿ ವಾಪಸ್ ಬರುತ್ತಿದ್ದೆ. ಕಿಬ್ಬನಹಳ್ಳಿ ಹತ್ತಿರ ಹಿಂದಿನ ಟೈರು ಪಂಕ್ಚರ್ ಆಯಿತು. ರಸ್ತೆ ಕೂಡುವ ಕಡೆಯಲ್ಲಿ ಒಂದು ಟೈರಿನ ಅಂಗಡಿ. ಒಬ್ಬ ಹೆಂಗಸು ಲಾರಿ ಟೈರೊಂದನ್ನು ಉರುಳಿಸಿಕೊಂಡು ಹೋಗಿ ಗೋಡೆಗೆ ಒರಗಿಸುತ್ತಿದ್ದಳು. ನನ್ನ ವಯಸ್ಸು, ನನ್ನದೇ ಗಾತ್ರ. ಸೀರೆಯ ಮೇಲೆ ಗಂಡನದಿರಬೇಕು, ಒಂದು ಹಳೇ ಅಂಗಿ. ಗಂಡ ಪಕ್ಕದಲ್ಲಿ ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಬಸ್ಸಿಗೆ ಕಾಯುವವರು ಮೂರು ನಾಲ್ಕು ಜನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಅವಳು ಬಂದು ನನ್ನ ಆಟೋಗೆ ಜಾಕ್ ಕೊಟ್ಟಳು.

ಅಷ್ಟರಲ್ಲಿ ತಿಪಟೂರಿನ ಕಡೆಯಿಂದ ಒಂದು ಬಸ್ ಬಂದು ನಿಂತಿತು. ಬೆಂಚಿನ ಮೇಲಿದ್ದ ಒಬ್ಬ ಮುದುಕ, ತಿಪಟೂರು ಬಸ್ ಬಂತು ಕಣವ್ವ, ಒಳಕ್ಕೋಗಿ ಬಚ್ಚಿಟ್ಕೋ ಅಂದ. ಬೆಂಚು ಪೂರ್ತಿ ನಕ್ಕಿತು. ಅದು ಹೊಸ ತಮಾಷೆಯಲ್ಲ, ಬಸ್ ಬಂದಾಗಲೆಲ್ಲ ನಡೆಯುವುದು ಅಂತ ನಕ್ಕ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಸ್ಪ್ಯಾನರ್ ಹಿಡಿದ ಕೈ ಮಾತ್ರ ಒಂದು ಗಳಿಗೆ ನಿಂತಿತು.

ಏನು ವಿಷಯ ಅಂತ ಸುಮ್ಮನೆ ಕೇಳಿದೆ. ಅವಳು ಅಂಗಡಿಯ ಒಳಗೋಡೆಯ ಕಡೆ ಗದ್ದ ಎತ್ತಿ ತೋರಿಸಿದಳು. ಟೈರುಗಳ ಮೇಲೆ ಒಂದು ಫೋಟೋ. ಬಾಕ್ಸಿಂಗ್ ರಿಂಗಿನಲ್ಲಿ ರೆಫರಿ ನಿಂತಿದ್ದಾನೆ. ಅವನ ಒಂದು ಕೈ ಗ್ಲೌಸ್ ಹಾಕಿದ ದಪ್ಪ ಹುಡುಗಿಯ ಕೈಯನ್ನು ಮೇಲೆತ್ತಿದೆ. ಇನ್ನೊಂದು ಕಡೆ ಇನ್ನೊಬ್ಬಳು ಇರಬೇಕಾದ ಜಾಗದಲ್ಲಿ ಯಾರೂ ಇಲ್ಲ. ಹುಡುಗಿ ಗೆದ್ದವಳ ಹಾಗೆ ಕಾಣುತ್ತಿರಲಿಲ್ಲ.

ನಿಮ್ಮೂರು ಯಾವುದು ಅಂತ ಕೇಳಿದೆ. ಹಾಸನದ ಕಡೆ, ಇಲ್ಲಿಗೆ ಮದುವೆಯಾಗಿ ಬಂದಿದ್ದು ಅಂದಳು. ಫೋಟೋವನ್ನು ಗಂಡ ಪ್ರೀತಿಗೆ ಹಾಕಿದ್ದಂತೆ, ಅವಳಿಗೆ ಅದನ್ನು ಕಂಡರಾಗದು. ಅದನ್ನು ನೋಡಿದ ಜನ ಕೇಳಿದರು, ಇವಳು ಇದ್ದದ್ದನ್ನು ಹೇಳಿದಳು, ತಿಪಟೂರಿನ ಹುಡುಗಿ ಬರಲಿಲ್ಲ ಅಂತ. ಆದರೆ ಅದಕ್ಕೂ ಮುಂಚೆಯೇ ಒಬ್ಬ ಕಂಡಕ್ಟರು ಆ ರೂಟಿನಲ್ಲೆಲ್ಲ ಕಥೆಯನ್ನು ತಿರುಗಿಸಿ ಹೇಳಿಕೊಂಡು ಹೋಗಿದ್ದ, ಹೆದರಿ ಓಡಿದವಳು ಹಾಸನದವಳು ಅಂತ. ಕಂಡಕ್ಟರು ರಸವತ್ತಾಗಿ ಹೇಳಿದ್ದು ನಿಂತಿತು, ಇವಳು ಹೇಳಿದ್ದು ನಿಲ್ಲಲಿಲ್ಲ.

ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ಆಮೇಲೆ ಹೇಳಿದೆ.

"ಬರದೆ ಇದ್ದೋಳು ನಾನೇ. ನೀವು ಬರಲ್ಲ ಅಂದ್ರಂತ ನಮ್ಮನೇಲಿ ಹೇಳಿದ್ರು."

ಅವಳು ಕೂತಲ್ಲಿಂದಲೇ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ತೂಕ ನೋಡುವವರ ಹಾಗೆ ನೋಡಿದಳು. ಯಾರು ಹೇಳಿದ್ದು ಅಂತ ಕೇಳಿದಳು. ನಮ್ಮ ದೊಡ್ಡಪ್ಪ ಅಂದೆ. ಅವತ್ತು ನಿಮಗೆ ಜ್ವರ ಅಂತ ನಿಮ್ಮ ಮೇಷ್ಟರು ಬಂದು ಹೇಳಿದರಲ್ಲ ಅಂದಳು. ಆಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಒಂದೇ ಬಾಯಿಂದ ನನಗೆ ಒಂದು ಸುಳ್ಳು, ಮೇಷ್ಟರಿಗೆ ಇನ್ನೊಂದು ಸುಳ್ಳು. ಅವಳು ಗ್ಲೌಸ್ ಹಾಕಿಕೊಂಡು ರಿಂಗಿನಲ್ಲಿ ಕಾದಿದ್ದಾಳೆ, ನಾನು ಮನೆಯಲ್ಲಿ ಕೂತು ಅವಳನ್ನು ಬೈದುಕೊಂಡಿದ್ದೇನೆ.

ಆಡದೆ ಗೆದ್ದ ಮೇಲೆ ಮುಂದಿನ ಹಂತದ ಮೊದಲ ಪಂದ್ಯದಲ್ಲೇ ಅವಳು ಏಟು ತಿಂದು ಬಿದ್ದಳಂತೆ. ಒಂದಾದರೂ ನಿಜವಾದ ಪಂದ್ಯ ಆಡಿ ಬಂದಿದ್ದರೆ ನೀನು ನಿಲ್ಲುತ್ತಿದ್ದೆ ಅಂತ ಕೋಚ್ ಹೇಳಿದರಂತೆ. ಅದನ್ನೆಲ್ಲ ಅವಳು ಟೈರಿನ ನಟ್ಟು ಬಿಗಿಯುತ್ತಾ, ದನಿ ಏರಿಸದೆ ಹೇಳಿದಳು. ಬೆಂಚಿನವರ ತಮಾಷೆಯನ್ನಾದರೂ ಸಹಿಸಬಹುದು ಅಂದಳು. ಆಮೇಲೆ ಗಂಡನ ಕಡೆ ನೋಡಿ ದನಿ ತಗ್ಗಿಸಿದಳು.

"ಇವನೂ ಒಂದೊಂದ್ಸಲ ಅಂತಾನೆ, ಹೋಗ್ಲಿ ಬುಡು, ಹೆದ್ರಿದ್ರೆ ಏನಾಯ್ತು, ಹುಡ್ಗಿ ತಾನೆ ನೀನು ಅಂತ. ಸಮಾಧಾನಕ್ಕೇ ಅಂತಾನೆ. ಅದೇ ಕಣ್ರೀ ತಡ್ಯಕ್ಕಾಗಲ್ಲ."

ನಾನು ಬೆಂಚಿನವರಿಗೆಲ್ಲ ಈಗಲೇ ಹೇಳುತ್ತೇನೆ ಅಂದೆ. ನೀವು ಹೇಳಿದರೆ ಹೆಂಗಸರಿಬ್ಬರು ಸೇರಿ ಮಾತಾಡಿಕೊಂಡಿದ್ದಾರೆ ಅಂತಾರೆ, ಸುಳ್ಳು ಹುಟ್ಟಿಸಿದವರೇ ಬಂದು ಹೇಳಲಿ, ನನ್ನ ಹತ್ತಿರ ಅಲ್ಲ, ಈ ಬೆಂಚಿನ ಹತ್ತಿರ ಅಂದಳು. ಅವಳು ಕೇಳಿದ್ದು ಅಷ್ಟೇ.

ಕಿಬ್ಬನಹಳ್ಳಿಯಿಂದ ತಿಪಟೂರಿಗೆ ಹೇಗೆ ಆಟೋ ಓಡಿಸಿಕೊಂಡು ಬಂದೆನೋ ನನಗೆ ನೆನಪಿಲ್ಲ. ಅಂಗಳಕ್ಕೆ ಬಂದಾಗ ಮೂವರೂ ಕಟ್ಟೆಯ ಮೇಲಿದ್ದರು. ಕಂಡಕ್ಟರು ಎಡಗೈಯನ್ನು ಕೆನ್ನೆಯ ಹತ್ತಿರ ಹಿಡಿದು ಬಲಗೈಯಿಂದ ಗಾಳಿಗೆ ಗುದ್ದುತ್ತಿದ್ದರು. ನಾನು ಆಟೋ ನಿಲ್ಲಿಸಿ ನೇರವಾಗಿ ಹೋಗಿ ದೊಡ್ಡಪ್ಪನ ಮುಂದೆ ನಿಂತೆ. ಆ ಹುಡುಗಿ ತುಮಕೂರಿಗೆ ಬಂದಿದ್ದಳು, ಕಾದಿದ್ದಳು, ಈಗ ಕಿಬ್ಬನಹಳ್ಳಿಯಲ್ಲಿ ನಿಮ್ಮ ಸುಳ್ಳು ಹೊತ್ತುಕೊಂಡು ಬದುಕುತ್ತಿದ್ದಾಳೆ ಅಂದೆ. ದೊಡ್ಡಪ್ಪ ಫೋನ್ ಬಂದಿತ್ತು ಅಂದರು. ಯಾರು ಮಾಡಿದ್ದರು ಅಂದೆ. ಯಾರೋ ಮಾಡಿದ್ದರು, ಹಳೇ ಕಥೆ, ಈಗ್ಯಾಕೆ ಅಂದರು. ಮೇಷ್ಟರಿಗೆ ಜ್ವರ ಅಂತ ಹೇಳಿದ್ದು ಯಾವ ಫೋನು ಅಂದೆ.

ದಲ್ಲಾಳಿ ಫೋನ್ ಜೇಬಿಗೆ ಹಾಕಿಕೊಂಡು ಕೆಳಗಿಳಿದ. ಕಂಡಕ್ಟರಿಗೆ ನಿಜಕ್ಕೂ ಗೊತ್ತಿರಲಿಲ್ಲ ಅಂತ ಅವರ ಮುಖ ನೋಡಿದರೆ ಕಾಣುತ್ತಿತ್ತು. ಅವರು ಇಷ್ಟು ವರ್ಷ ಬೇರೆಯವರ ಸುಳ್ಳಿಗೆ ಟಿಕೆಟ್ ಹರಿದಿದ್ದರು ಅಷ್ಟೇ. ಅವರಾದರೂ ಸುಮ್ಮನೆ ಹೋಗಬಹುದಿತ್ತು. ಹೋಗುವ ಮುಂಚೆ ಚಪ್ಪಲಿ ಮೆಟ್ಟುತ್ತಾ, ಆದರೂ ಕಣವ್ವ, ನಿಜವಾಗಿ ನಡೆದಿದ್ದರೆ ಯಾರು ಗೆಲ್ಲುತ್ತಿದ್ದಿರಿ ಅಂತ ಕೇಳಿದರು. ಜೀವನದಲ್ಲಿ ಮೊದಲ ಸಲ ನನ್ನನ್ನು ಕೇಳಿದ್ದು, ಅದೂ ಆ ಹೊತ್ತಿನಲ್ಲಿ. ನಡೀರಿ ಇಲ್ಲಿಂದ ಅಂದೆ. ಹಿರಿಯರಿಗೆ ನಾನು ಹಾಗೆ ಯಾವತ್ತೂ ಮಾತಾಡಿದವಳಲ್ಲ.

ಇಬ್ಬರೂ ಹೋದಮೇಲೆ ದೊಡ್ಡಪ್ಪನಿಗೆ ಹೇಳಿದೆ, ಕಿಬ್ಬನಹಳ್ಳಿಗೆ ಬಂದು ಎಲ್ಲರೆದುರು ನೀವೇ ಇದನ್ನು ಹೇಳಬೇಕು. ಆಗಲ್ಲ ಅಂದರು. ಈ ವಯಸ್ಸಿನಲ್ಲಿ ರಸ್ತೆ ಬದಿಯಲ್ಲಿ ನಿಂತು ಮಾನ ಕಳೆದುಕೊಳ್ಳಲಾ ಅಂದರು. ಅವಳ ಮಾನ ರಸ್ತೆ ಬದಿಯಲ್ಲೇ ಇಷ್ಟು ವರ್ಷ ಹೋಗುತ್ತಿದೆ ಅಂದೆ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ನಾನು ತುರುವೇಕೆರೆಯ ತೋಟದಿಂದ ಬಂದ ಒಂದು ಲೋಡು ಕಾಯಿಯನ್ನು ಪೂರ್ತಿ ಕಟ್ಟೆಯ ಮೇಲೆ ಸುರಿಸಿದೆ. ಆಳುಗಳು ಅಂಗಳ ಖಾಲಿ ಇದೆಯಲ್ಲ ಅಂದರು. ಇಲ್ಲೇ ಸುರೀರಿ ಅಂದೆ. ಸಂಜೆ ಕಂಡಕ್ಟರು ಬಂದು ಕಾಯಿರಾಶಿ ನೋಡಿ ಹಾಗೇ ಹೋದರು. ಮನೆಯಲ್ಲಿ ದೊಡ್ಡಪ್ಪನಿಗೆ ಊಟ ಬಡಿಸುತ್ತಿದ್ದೆ, ಮಾತಾಡುತ್ತಿರಲಿಲ್ಲ. ದೊಡ್ಡಮ್ಮ ಇಬ್ಬರ ಮಧ್ಯೆ ಓಡಾಡಿ ಸೋತರು. ಸಾಕಿದ ಋಣಕ್ಕಾದರೂ ಬಿಟ್ಟುಬಿಡೇ ಅಂತ ಒಂದು ದಿನ ಅತ್ತರು. ಸಾಕಿದ್ದನ್ನು ನಾನು ಮರೆತಿರಲಿಲ್ಲ. ಮರೆತಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಯಾಕೆ ಹಾಗೆ ಮಾಡಿದರು ಅಂತ ಕಾಯಿ ಸುಲಿಯುವಾಗಲೆಲ್ಲ ಯೋಚಿಸಿದೆ. ಕೊನೆಗೆ ನನ್ನಷ್ಟಕ್ಕೆ ಒಂದು ಉತ್ತರ ಮಾಡಿಕೊಂಡೆ. ಅವರು ಅಟ್ಟದ ಕಾಯಿಗೆ ಮಾಡಿದ್ದನ್ನೇ ನನಗೂ ಮಾಡಿದರು. ಒಡೆದು ನೋಡುವ ಧೈರ್ಯ ಇಲ್ಲದೆ, ಏರಿಸಿಟ್ಟು ಹೊಗಳಿಕೊಂಡು ತಿರುಗಿದರು. ಅದು ಅವರ ಸ್ವಭಾವ, ನನ್ನ ಮೇಲಿನ ಹಗೆ ಅಲ್ಲ ಅಂದುಕೊಂಡರೆ ಒಂಚೂರು ತಣ್ಣಗಾಗುತ್ತಿತ್ತು. ಆ ಉತ್ತರದ ಮೇಲೆ ಭಾರ ಹಾಕಿ ಕ್ಷಮಿಸಿಬಿಡಬಹುದು ಅಂತಲೂ ಅನ್ನಿಸಿತ್ತು.

ಒಂದು ಭಾನುವಾರ ಬೆಳಿಗ್ಗೆ ದೊಡ್ಡಪ್ಪ ವಿಭೂತಿ ಇಟ್ಟುಕೊಂಡು, ಬಿಳಿ ಅಂಗಿ ಹಾಕಿಕೊಂಡು ನನ್ನ ಸ್ಕೂಟರಿನ ಪಕ್ಕ ಬಂದು ನಿಂತರು. ನಡಿ, ಅದೇನು ಹೇಳಬೇಕೋ ಹೇಳಿ ಬತ್ತೀನಿ ಅಂದರು. ದಾರಿಯುದ್ದಕ್ಕೂ ಅವರು ಹಿಂದಿನ ಕಂಬಿ ಹಿಡಿದು ಕೂತಿದ್ದರು. ಎಪ್ಪತ್ತೈದು ದಾಟಿದ ಮನುಷ್ಯ, ಉಬ್ಬು ಬಂದಾಗ ಮೆಲ್ಲಗೆ ಓಡಿಸಿದೆ. ಅವರ ಮೇಲೆ ಕನಿಕರ ಹುಟ್ಟುತ್ತಿತ್ತು. ಬಂದರಲ್ಲ, ಅಷ್ಟಾದರೂ ಮಾಡಿದರಲ್ಲ ಅನ್ನಿಸುತ್ತಿತ್ತು.

ಅವಳು ಅಂಗಡಿಯಲ್ಲಿದ್ದಳು. ಗಂಡನೂ ಇದ್ದ. ಬೆಂಚಿನ ಮೇಲೆ ಅದೇ ಮುದುಕ, ಇನ್ನೂ ಮೂರು ನಾಲ್ಕು ಜನ. ನಾನು ಇವರೇ ಅಂದೆ. ಅವಳು ಕೈ ಒರೆಸಿಕೊಂಡು ಬಂದು ನಿಂತಳು, ಕೂರಿ ಅನ್ನಲಿಲ್ಲ. ದೊಡ್ಡಪ್ಪ ಕೈ ಮುಗಿದರು. ಬೆಂಚಿನ ಕಡೆ ತಿರುಗಿ, ಈ ತಾಯಿ ಹೆದರಿ ಓಡಿಹೋದಳು ಅಂತ ನಾನೇ ಸುಳ್ಳು ಹಬ್ಬಿಸಿದ್ದು, ಇವಳು ಬಂದಿದ್ದಳು, ನಮ್ಮ ಹುಡುಗಿಯನ್ನು ಕಳಿಸದೆ ಇದ್ದವನು ನಾನು ಅಂದರು. ದನಿ ನಡುಗಲಿಲ್ಲ. ಹೇಳಬೇಕಾದದ್ದನ್ನು ಚೆನ್ನಾಗಿಯೇ ಹೇಳಿದರು. ಬೆಂಚಿನಲ್ಲಿ ಯಾರೂ ನಗಲಿಲ್ಲ. ಅವಳ ಗಂಡ ಟ್ಯೂಬು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡಲಿಲ್ಲ, ಆದರೆ ಅವನು ನೋಡುತ್ತಿರುವುದು ಅವಳಿಗೆ ಗೊತ್ತಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಬೆಂಚಿನ ಮುದುಕ ಮಾತ್ರ ಬಿಡಲಿಲ್ಲ. ಅಲ್ಲಾ ಯಜಮಾನ್ರೇ, ಯಾಕೆ ಕಳಿಸಲಿಲ್ಲ ಅಂತ ಕೇಳಿದ.

ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ. ಅವಳನ್ನೇ ನೋಡಿಕೊಂಡು ಹೇಳಿದರು.

"ಎರಡು ದಿನ ಮುಂಚೆ ತುಮಕೂರಿಗೆ ಹೋಗಿದ್ದೆ. ಇವ್ಳು ಆಗ್ಲೇ ಬಂದು ಪ್ರಾಕ್ಟೀಸ್ ಮಾಡ್ತಿದ್ಲು, ಕಾಂಪೌಂಡ್ ಆಚೆ ನಿಂತ್ಕಂಡು ನೋಡ್ದೆ. ನಮ್ ಹುಡ್ಗಿ ಕೈಲಿ ಆಗಲ್ಲ ಅಂತ ಗೊತ್ತಾಗೋಯ್ತು. ಮಾರ್ಕೆಟ್ಟಲ್ಲೆಲ್ಲ ಗೆಲ್ತಾಳೆ ಅಂತ ಹೇಳ್ಬುಟ್ಟಿದ್ದೆ."

ಅವರು ಒಡೆದು ನೋಡದೆ ಇದ್ದವರಲ್ಲ. ನೋಡಿಕೊಂಡೇ ಬಂದಿದ್ದರು. ತಮ್ಮಷ್ಟಕ್ಕೆ ನನ್ನನ್ನು ಸೋಲಿಸಿ, ಮನೆಗೆ ಬಂದು, ಬ್ಯಾಗಿಗೆ ಬಟ್ಟೆ ಇಡುತ್ತಿದ್ದವಳ ಎದುರು ನಿಂತು ನಿನ್ನ ಹೆಸರು ಕೇಳಿಯೇ ಹೆದರಿದಳು ಅಂತ ಹೇಳಿದ್ದರು. ಆಮೇಲೆ ಪ್ರತಿ ಸಂಜೆ ಕಟ್ಟೆಯ ಮೇಲೆ ಕೂತು ನನ್ನನ್ನು ಗೆಲ್ಲಿಸಿದ್ದರು. ಆ ಮೂವರಲ್ಲಿ ನಾನು ಗೆಲ್ಲುತ್ತೇನೆ ಅಂತ ನಂಬದೆ ಇದ್ದವರು ಅವರೊಬ್ಬರೇ. ಅವರು ನನ್ನನ್ನು ತಡೆದದ್ದನ್ನು ನಾನು ಕ್ಷಮಿಸಲು ತಯಾರಾಗಿ ಬಂದಿದ್ದೆ. ಇದಕ್ಕೆ ತಯಾರಾಗಿರಲಿಲ್ಲ.

ಮಾತಾಡಿದವಳು ಅವಳು.

"ಅದೆಂಗ್ ಯಜಮಾನ್ರೇ ನಿಮಗೆ ಗೊತ್ತಾಯ್ತು? ಆಡ್ಬೇಕಾಗಿದ್ದೋಳು ನಾನು. ನಂಗೇ ಗೊತ್ತಿರ್ಲಿಲ್ಲ."

ಅವಳ ಗಂಡ ಟೀ ತರಿಸುತ್ತೇನೆ ಅಂದ. ನಾನು ಬೇಡ ಅಂದೆ. ಅವಳು ನನ್ನ ಹತ್ತಿರ ಬಂದು ಮುಂಗೈ ಹಿಡಿದು ಒಮ್ಮೆ ಅದುಮಿ ಬಿಟ್ಟಳು. ಗ್ರೀಸು ಮೆತ್ತಿದ ಗಟ್ಟಿ ಕೈ. ಅವಳಿಗೆ ಬರಬೇಕಾದದ್ದು ಅವತ್ತು ಬಂತು, ಅದರಲ್ಲಿ ನನಗೆ ಸಂತೋಷವಿದೆ. ಸಂತೋಷಪಡುವಷ್ಟು ಜಾಗ ಆ ಹೊತ್ತಿನಲ್ಲಿ ನನ್ನೊಳಗಿರಲಿಲ್ಲ.

ಸ್ಕೂಟರ್ ಸ್ಟಾರ್ಟ್ ಮಾಡಿದೆ. ದೊಡ್ಡಪ್ಪ ಬಂದು ಹಿಂದೆ ಕೂತರು. ಹೋಗುವಾಗ ಸೀಟಿನ ಹಿಂದಿನ ಕಂಬಿ ಹಿಡಿದಿದ್ದವರು ಈಗ ಸುಸ್ತಾಗಿದ್ದರೋ ಏನೋ, ನನ್ನ ಭುಜ ಹಿಡಿದುಕೊಂಡರು. ತಿಪಟೂರು ಬರುವತನಕ ಆ ಕೈ ಅಲ್ಲೇ ಇತ್ತು. ತೆಗೀರಿ ಅಂತ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಹೇಳಿದ್ದರೆ ಬಿದ್ದುಬಿಡುತ್ತಿದ್ದರು.